ನಿಂತ ಫ್ಯಾನಿನಿಂದ ಹೊರಟ ಸುಳಿಗಾಳಿ

ಪರದೆಯ ಮೇಲಿನ ಫ್ಯಾನ್ ತಿರುಗುತ್ತಿಲ್ಲ. ಬ್ಲೇಡುಗಳು ಇದ್ದಲ್ಲೇ ಇವೆ, ಕೂದಲೆಳೆಯಷ್ಟೂ ಅಲುಗುವುದಿಲ್ಲ. ಆದರೂ ಅವುಗಳ ಬೆನ್ನ ಹಿಂದಿನಿಂದ ಗಾಳಿ ಸುರುಳಿ ಸುರುಳಿಯಾಗಿ ಹೊರಟು, ಸುತ್ತಲಿನ ಗಾಳಿಕೊಳವೆಯ, ಅಂದರೆ ಡಕ್ಟಿನ ಗೋಡೆ ಸವರಿಕೊಂಡು, ಮೀಟರುಗಟ್ಟಲೆ ದೂರ ಓಡುತ್ತಿದೆ! ನಿಂತ ಫ್ಯಾನು ಗಾಳಿಯನ್ನು ತಿರುಗಿಸುವುದು ಹೇಗೆ? ನಮ್ಮೂರು ಬೋರಗಾಂವದ ಮನೆಯಲ್ಲಿ, ಸಾಧಾರಣ ಲ್ಯಾಪ್‌ಟಾಪಿನಲ್ಲಿ ಮೊದಲ ಸಲ ಈ ಚಿತ್ರ ಮೂಡಿದಾಗ ನಾನು ಕಣ್ಣು ಮಿಟುಕಿಸದೆ ನೋಡುತ್ತ ಕೂತೆ. ಲೆಕ್ಕ ತಪ್ಪಿರಲಿಲ್ಲ. ಆ ಚಿತ್ರದೊಳಗೆ ಇನ್ನೂರು ವರ್ಷಗಳ ಬುದ್ಧಿವಂತಿಕೆ ಮಡಚಿಕೊಂಡು ಕೂತಿತ್ತು, ಅಷ್ಟೆ.

ಈ ಹುಚ್ಚು ಹತ್ತಿದ್ದು ಕಬ್ಬಿನಿಂದ. ದೂಧಗಂಗೆಯ ದಂಡೆಯ ಬೋರಗಾಂವ, ಸದಲಗಾದಿಂದ ಹಿಡಿದು ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದವರೆಗೆ ಇದು ಸಕ್ಕರೆಯ ಸೀಮೆ. ಉಗಾರ ಶುಗರ್ ವರ್ಕ್ಸ್ ಕಂಪನಿ ಹುಟ್ಟಿದ್ದೇ 1939ರಲ್ಲಿ. ಹಂಗಾಮು ಬಂತೆಂದರೆ ಬಾಯ್ಲರ್ ಪ್ರದೀಪನದ ಸಮಾರಂಭ, ಪೂಜೆ, ತೆಂಗಿನಕಾಯಿ. ಆಮೇಲೆ ತಿಂಗಳುಗಟ್ಟಲೆ ಚಿಮಣಿಯ ಹೊಗೆ. ಆ ಹೊಗೆ ತಾನಾಗಿಯೇ ಮೇಲೆ ಹೋಗುತ್ತದೆ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಇಲ್ಲ! ಅದನ್ನು ಎಳೆಯುವುದು ಬಾಯ್ಲರಿಗೂ ಚಿಮಣಿಗೂ ನಡುವೆ ಡಕ್ಟಿನೊಳಗೆ ಅಡಗಿ ಕೂತ ಒಂದು ದೈತ್ಯ ಫ್ಯಾನ್. ಕಾರ್ಖಾನೆಯವರು ಅದನ್ನು ಐಡಿ ಫ್ಯಾನ್ ಎನ್ನುತ್ತಾರೆ. ಕಬ್ಬು ಅರೆದು ಉಳಿದ ಸಿಪ್ಪೆ, ಅಂದರೆ ಬಗ್ಯಾಸು, ಹೆಚ್ಚುಕಡಿಮೆ ಅರ್ಧದಷ್ಟು ನೀರನ್ನೇ ಹೊತ್ತುಕೊಂಡು ಒಲೆಗೆ ಬೀಳುತ್ತದೆ. ಅದು ಉರಿಯಲು ಎಫ್‌ಡಿ ಎಂಬ ಇನ್ನೊಂದು ಫ್ಯಾನ್ ಗಾಳಿ ಊದಬೇಕು. ಉರಿದ ಮೇಲೆ ಹುಟ್ಟುವ ಬಿಸಿ ಅನಿಲ, ಉಗಿ, ಬೂದಿ ಎಲ್ಲವನ್ನೂ ಐಡಿ ಫ್ಯಾನ್ ಸೆಳೆಯಬೇಕು. ಒಲೆಯೊಳಗಿನ ಒತ್ತಡ ಹೊರಗಿನದಕ್ಕಿಂತ ಸದಾ ಚೂರೇ ಚೂರು ಕಡಿಮೆ ಇರಬೇಕು, ನೀರಿನ ಮಟ್ಟದ ಅಳತೆಯಲ್ಲಿ ಕೆಲವೇ ಮಿಲಿಮೀಟರು. ಅಷ್ಟು ತಪ್ಪಿದರೆ ಬೆಂಕಿಯ ನಾಲಗೆ ಬಾಗಿಲಿನಿಂದ ಹೊರಗೆ ಚಾಚುತ್ತದೆ. ಇಡೀ ಕಾರ್ಖಾನೆಯ ಉಸಿರು ಈ ಕೆಲವು ಮಿಲಿಮೀಟರಿನ ಮೇಲೆ ನಿಂತಿದೆ!

ಅಂಥ ಫ್ಯಾನಿನೊಳಗೆ ಇಣುಕುವುದು ಹೇಗೆ? ಓಡುವಾಗ ಹತ್ತಿರ ಹೋಗಲಾಗದು, ನಿಲ್ಲಿಸಿದರೆ ನೋಡಲು ಏನೂ ಇರುವುದಿಲ್ಲ. ಉಳಿದ ದಾರಿ ಲೆಕ್ಕದ್ದು.

ಗಾಳಿ, ನೀರು, ಎಣ್ಣೆ, ಹೊಗೆ ಹೇಗೆ ಹರಿಯುತ್ತವೆ ಎಂಬುದನ್ನು ಹೇಳುವ ಸಮೀಕರಣಗಳನ್ನು ಫ್ರಾನ್ಸಿನ ನೇವಿಯೆ 1822ರಲ್ಲಿ ಮುಂದಿಟ್ಟ. ಐರ್ಲೆಂಡಿನಲ್ಲಿ ಹುಟ್ಟಿದ ಸ್ಟೋಕ್ಸ್ 1845ರಲ್ಲಿ ಅವುಗಳಿಗೆ ಗಟ್ಟಿ ಅಡಿಪಾಯ ಕೊಟ್ಟ. ಪೆನ್ನು ಹಿಡಿದು ಅವನ್ನು ಪೂರ್ತಿ ಬಿಡಿಸಲು ಸಾಧ್ಯವಾಗುವುದು ತೀರ ಸರಳವಾದ ಹರಿವುಗಳಿಗೆ ಮಾತ್ರ. ಹಾಗಾಗಿ ಡಕ್ಟಿನೊಳಗಿನ ಜಾಗವನ್ನೆಲ್ಲ ಲಕ್ಷಗಟ್ಟಲೆ ಪುಟ್ಟ ಕೋಶಗಳಾಗಿ ಕತ್ತರಿಸಿ, ಪ್ರತಿ ಕೋಶಕ್ಕೂ ಎಷ್ಟು ಗಾಳಿ ಬಂತು, ಎಷ್ಟು ಹೋಯಿತು, ಯಾರು ಯಾರನ್ನು ತಳ್ಳಿದರು ಎಂದು ಲೆಕ್ಕವಿಡುತ್ತಾರೆ. ಈ ಕೋಶಗಳ ಬಲೆಗೆ ಮೆಶ್ ಎಂದು ಹೆಸರು. ಡಕ್ಟು ಸುಮ್ಮನೆ ನಿಂತಿದ್ದರೆ ಇಷ್ಟು ಸಾಕು. ಆದರೆ ನಡುವೆ ಫ್ಯಾನ್ ಇದೆಯಲ್ಲ! ಬ್ಲೇಡು ಒಂದು ಕೂದಲಿನಷ್ಟು ಸರಿದರೂ ಅದರ ಸುತ್ತ ಹೆಣೆದ ಬಲೆ ಹರಿಯುತ್ತದೆ. ಪ್ರತಿ ಕ್ಷಣ ಹೊಸ ಬಲೆ ಹೆಣೆಯುತ್ತ ಕೂತರೆ ಹಂಗಾಮು ಮುಗಿದರೂ ಲೆಕ್ಕ ಮುಗಿಯದು.

ಇಲ್ಲಿ ಬರುತ್ತದೆ ಆ ಅದ್ಭುತ ಉಪಾಯ. ಎತ್ತು ಕಟ್ಟಿದ ಹಳೆಯ ಕಬ್ಬಿನ ಗಾಣವನ್ನು ನೆನಪಿಸಿಕೊಳ್ಳಿ. ಎತ್ತುಗಳು ಎಳೆಯುವ ಉದ್ದನೆಯ ತೊಲೆಯ ಮೇಲೆ ಒಬ್ಬ ಹುಡುಗ ಕೂತು ಸುತ್ತುತ್ತಿದ್ದಾನೆ. ಅವನ ಕಣ್ಣಿಗೆ ತೊಲೆ ನಿಂತಿದೆ, ಎತ್ತಿನ ಬೆನ್ನೂ ನಿಂತಿದೆ. ಸುತ್ತುತ್ತಿರುವುದು ಅಂಗಳ, ಬೇವಿನ ಮರ, ಬೆಲ್ಲದ ಕೊಪ್ಪರಿಗೆ. ಅವನು ಕಬ್ಬಿನ ತುಂಡೊಂದನ್ನು ನೇರ ಹೊರಕ್ಕೆ ಎಸೆದರೆ ಅದು ಯಾರೋ ಪಕ್ಕಕ್ಕೆ ತಳ್ಳಿದಂತೆ ಬಾಗಿ ಹೋಗುವುದು ಕಾಣುತ್ತದೆ. ತಳ್ಳಿದವರು ಯಾರೂ ಇಲ್ಲ. ಆದರೂ ಆ ಬಾಗುವಿಕೆಗೆ ಸರಿಯಾಗಿ ಹೊಂದುವ ಒಂದು ಬಲವನ್ನು ಕಾಗದದ ಮೇಲೆ ಬರೆದುಬಿಟ್ಟರೆ, ತೊಲೆಯ ಮೇಲೆ ಕೂತೇ ಇಡೀ ಅಂಗಳದ ಲೆಕ್ಕ ಮಾಡಬಹುದು. ಹೊರಕ್ಕೆ ಎಳೆಯುವ ಅಪಕೇಂದ್ರ ಬಲ ಒಂದು. ಪಕ್ಕಕ್ಕೆ ಬಾಗಿಸುವ ಬಲ ಇನ್ನೊಂದು. 1835ರಲ್ಲಿ ಪ್ಯಾರಿಸಿನ ಕೊರಿಯೋಲಿಸ್ ತಿರುಗುವ ಯಂತ್ರಗಳನ್ನು ಕುರಿತು ಬರೆಯುತ್ತ ಎರಡನೆಯದನ್ನು ಹಿಡಿದುಕೊಟ್ಟ. ಇಂದು ಚಂಡಮಾರುತದ ಪಾಠದಲ್ಲಿ ಅವನ ಹೆಸರು ಕೇಳುತ್ತೇವೆ. ಆದರೆ ಅವನ ಕಣ್ಣಿದ್ದದ್ದು ಆಕಾಶದ ಮೇಲಲ್ಲ, ನೀರಿನ ಚಕ್ರಗಳಂಥ ಯಂತ್ರಗಳ ಮೇಲೆ!

ಕಂಪ್ಯೂಟರಿಗೆ ಹೇಳುವುದೂ ಇದನ್ನೇ. ಫ್ಯಾನಿನ ಸುತ್ತ ಸಿಲಿಂಡರಿನಂಥ ಒಂದು ವಲಯವನ್ನು ಗುರುತು ಮಾಡು. ಅದರೊಳಗಿನ ಕೋಶಗಳೆಲ್ಲ ಆ ಹುಡುಗನ ಕಣ್ಣಿನಿಂದ ಲೋಕ ನೋಡಲಿ, ಆ ಎರಡು ಬಲಗಳು ಅಲ್ಲಿ ಸೇರಲಿ. ವಲಯದ ಹೊರಗಿನ ಕೋಶಗಳು ಅಂಗಳದಲ್ಲಿ ನಿಂತವರ ಕಣ್ಣಿನಿಂದ ನೋಡಲಿ. ಗಡಿಯಲ್ಲಿ ಒಬ್ಬರ ಮಾತು ಇನ್ನೊಬ್ಬರ ಭಾಷೆಗೆ ಬದಲಾಗಲಿ. ಮುಗಿಯಿತು! ಮೆಶ್ ಹರಿಯುವುದಿಲ್ಲ, ಬ್ಲೇಡು ಅಲುಗುವುದಿಲ್ಲ, ಗಾಳಿ ಮಾತ್ರ ಸುಳಿಯುತ್ತದೆ. ಈ ವಿಧಾನಕ್ಕೆ ಮಲ್ಟಿಪಲ್ ರೆಫರೆನ್ಸ್ ಫ್ರೇಮ್, ಚಿಕ್ಕದಾಗಿ ಎಂಆರ್‌ಎಫ್ ಎನ್ನುತ್ತಾರೆ. ಹೀಗೆ ಹಲವು ಕಣ್ಣುಗಳನ್ನು ಒಟ್ಟಿಗೆ ಹೊಂದಿಸುವ ಕ್ರಮವನ್ನು ಕುರಿತು ಲೂವೋ, ಇಸ್ಸಾ, ಗೋಸ್ಮನ್ ಎಂಬ ಮೂವರು 1994ರಲ್ಲಿ ಬರೆದ ಪ್ರಬಂಧ ಹೆಸರುವಾಸಿಯಾಯಿತು. ಅವರು ಲೆಕ್ಕ ಹಾಕಿದ್ದು ಫ್ಯಾನಿಗಲ್ಲ, ರಾಸಾಯನಿಕ ಕಾರ್ಖಾನೆಯ ಕಲಕುವ ತೊಟ್ಟಿಗೆ. ತೊಟ್ಟಿಯ ಉಪಾಯ ಗಾಳಿಗೂ ಒದಗಿತು.

ನನ್ನ ಎದೆ ಇನ್ನಷ್ಟು ಹೊಡೆದುಕೊಂಡದ್ದು ಇನ್ನೊಂದು ಹೆಸರು ಸಿಕ್ಕಾಗ. ನಾನು ಬಳಸುವುದು ಓಪನ್‌ಫೋಮ್ ಎಂಬ ಉಚಿತ ಸಾಫ್ಟ್‌ವೇರ್. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಬೇರು ಬಿಟ್ಟ ಇದು 2004ರಲ್ಲಿ ಎಲ್ಲರಿಗೂ ತೆರೆದುಕೊಂಡಿತು. ಅದರಲ್ಲಿ ಇಂಥ ಹರಿವನ್ನು ಬಿಡಿಸುವ ಭಾಗದ ಹೆಸರು ಸಿಂಪಲ್‌ಫೋಮ್. ಆ ‘ಸಿಂಪಲ್’ ಬಂದದ್ದು 1972ರಲ್ಲಿ ಇಬ್ಬರು ಪ್ರಕಟಿಸಿದ ಒಂದು ಲೆಕ್ಕದ ಕ್ರಮದಿಂದ. ಒಬ್ಬರು ಬ್ರಯಾನ್ ಸ್ಪಾಲ್ಡಿಂಗ್. ಇನ್ನೊಬ್ಬರು ಸುಹಾಸ್ ಪಾಟಣಕರ್, ನಮ್ಮ ನಿಪ್ಪಾಣಿಯ ಹೆದ್ದಾರಿ ಹಿಡಿದು ಹೊರಟರೆ ಮಧ್ಯಾಹ್ನಕ್ಕೆ ಮುಟ್ಟುವ ಪುಣೆಯಲ್ಲಿ ಇಂಜಿನಿಯರಿಂಗ್ ಓದಿದವರು! ಅವರ ಕ್ರಮ ಎಷ್ಟು ಸೊಗಸು ನೋಡಿ. ಗಾಳಿಯ ವೇಗಕ್ಕೆ ಸಮೀಕರಣವಿದೆ, ಒತ್ತಡಕ್ಕೆ ನೇರವಾಗಿ ಒಂದು ಸಮೀಕರಣವಿಲ್ಲ. ಹಾಗಾದರೆ ಒತ್ತಡವನ್ನು ಮೊದಲು ಊಹಿಸು. ಅದರಿಂದ ವೇಗ ಕಂಡುಹಿಡಿ. ಯಾವ ಕೋಶದಲ್ಲಿ ಬಂದ ಗಾಳಿಗೂ ಹೋದ ಗಾಳಿಗೂ ತಾಳೆಯಾಗುವುದಿಲ್ಲವೋ ಅಲ್ಲಿ ಊಹೆ ತಪ್ಪಿದೆ. ಆ ತಪ್ಪಿಗೆ ತಕ್ಕಂತೆ ಒತ್ತಡವನ್ನು ತಿದ್ದು. ಮತ್ತೆ ವೇಗ, ಮತ್ತೆ ತಿದ್ದುಪಡಿ. ನೂರಾರು, ಸಾವಿರಾರು ಸುತ್ತಿನ ನಂತರ ಲಕ್ಷಾಂತರ ಕೋಶಗಳ ಜಮಾಖರ್ಚು ಒಮ್ಮೆಗೇ ತಾಳೆಯಾಗುತ್ತದೆ. ಆ ಕ್ಷಣಕ್ಕಾಗಿ ಪರದೆಯ ಮೇಲೆ ಇಳಿಯುತ್ತ ಬರುವ ಗೆರೆಗಳನ್ನು ನೋಡುತ್ತ ಕೂರುವುದರಲ್ಲಿ ಒಂದು ಸುಖವಿದೆ.

ಕರ್ನಾಟಕಕ್ಕೂ ಈ ಕಥೆಯಲ್ಲಿ ದೊಡ್ಡ ಪಾಲಿದೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಜನರ ಬಾಯಲ್ಲಿ ಎನ್‌ಎಎಲ್, 1986ರಲ್ಲಿ ಒಂದು ಕಂಪ್ಯೂಟರ್ ಕಟ್ಟಿತು. ಹೆಸರು ಫ್ಲೋಸಾಲ್ವರ್. ಹರಿವನ್ನು ಬಿಡಿಸುವುದೇ ಅದರ ಹುಟ್ಟಿನ ಉದ್ದೇಶ, ಅದಕ್ಕೇ ಆ ಹೆಸರು. ಹಲವು ಪ್ರೊಸೆಸರುಗಳು ಕೆಲಸ ಹಂಚಿಕೊಂಡು ಒಟ್ಟಿಗೆ ಲೆಕ್ಕ ಮಾಡುವ ಯಂತ್ರ; ನಮ್ಮ ದೇಶದಲ್ಲಿ ಅಂಥದ್ದು ಅದೇ ಮೊದಲು, ಪರಮ್ ಸೂಪರ್‌ಕಂಪ್ಯೂಟರಿಗಿಂತಲೂ ಮೊದಲು. ಯು. ಎನ್. ಸಿನ್ಹಾ ಅದರ ಹೊಣೆ ಹೊತ್ತಿದ್ದರು, ಬೆನ್ನಿಗೆ ನಿಂತಿದ್ದವರು ಆಗಿನ ನಿರ್ದೇಶಕ ರೊದ್ದಂ ನರಸಿಂಹ.  ಮೊದಲ ಫ್ಲೋಸಾಲ್ವರಿನಲ್ಲಿದ್ದದ್ದು ಇಂಟೆಲ್ಲಿನ 8086 ಪ್ರೊಸೆಸರುಗಳು, ಜೊತೆಗೆ ದಶಮಾಂಶದ ಲೆಕ್ಕಕ್ಕೆ 8087. ಆ 8087 ಸೆಕೆಂಡಿಗೆ ಸುಮಾರು 50,000 ಲೆಕ್ಕ ಮಾಡುತ್ತಿತ್ತು. ಇಂದು ನನ್ನ ಮೇಜಿನ ಮೇಲಿನ ಲ್ಯಾಪ್‌ಟಾಪು ಸೆಕೆಂಡಿಗೆ ಸಾವಿರಾರು ಕೋಟಿ ಮಾಡುತ್ತದೆ! ಬೆಂಗಳೂರಿನ ಪ್ರಯೋಗಾಲಯ ತಾನೇ ಬೆಸುಗೆ ಹಾಕಿ ಕಟ್ಟಿಕೊಳ್ಳಬೇಕಾಗಿದ್ದ ಶಕ್ತಿ ಈಗ ಬೋರಗಾಂವದ ಓಣಿಯಲ್ಲಿದೆ, ಚಿಕ್ಕೋಡಿಯ ಇಂಜಿನಿಯರಿಂಗ್ ಹುಡುಗರ ಕೈಚೀಲದಲ್ಲಿದೆ.

ಶಕ್ತಿ ಇದ್ದರಾಯಿತೆ? ಫ್ಯಾನನ್ನು ಡಕ್ಟಿನೊಳಗೆ ಕೂರಿಸುವ ಕುಸುರಿಯಲ್ಲೇ ಅರ್ಧ ಬೆರಗು ಇರುವುದು. ಕಲಿಯಲು ನಾನು ಹಿಡಿದದ್ದು ಐಡಿ ಫ್ಯಾನ್ ಅಲ್ಲ. ನೇರ ಡಕ್ಟಿನಲ್ಲಿ ಒಂದು ಮೀಟರ್ ವ್ಯಾಸದ, ನಿಮಿಷಕ್ಕೆ 960 ಸುತ್ತಿನ ಸರಳ ಫ್ಯಾನ್. ಸುತ್ತನ್ನು ರೇಡಿಯನ್ನಿಗೆ ತಿರುಗಿಸಿದರೆ ಸೆಕೆಂಡಿಗೆ 100.5. ಎಂಆರ್‌ಎಫ್ ಕಡತದಲ್ಲಿ ಬರೆಯಬೇಕಾದದ್ದು ಕೆಲವೇ ಸಾಲು: ಯಾವ ವಲಯ, ಅಕ್ಷ ಎಲ್ಲಿ, ದಿಕ್ಕು ಯಾವುದು, ವೇಗ ಎಷ್ಟು. ಇಷ್ಟೇ ಸಾಲಿನಲ್ಲಿ ಎರಡು ಹೊಂಡಗಳಿವೆ. ಅಕ್ಷದ ಚಿಹ್ನೆ ಅದಲುಬದಲಾದರೆ ಫ್ಯಾನ್ ಹಿಂದುಮುಂದಾಗಿ ಓಡುತ್ತದೆ. ಡಕ್ಟಿನ ಗೋಡೆಯ ತುಣುಕು ವಲಯದೊಳಗೆ ಬಂದಿದ್ದರೆ ‘ಇದು ತಿರುಗುವುದಿಲ್ಲ’ ಎಂದು ಹೆಸರಿಟ್ಟು ಹೇಳಬೇಕು; ಇಲ್ಲದಿದ್ದರೆ ಕಂಪ್ಯೂಟರು ನಿಷ್ಠೆಯಿಂದ ತಗಡಿನ ಗೋಡೆಯನ್ನೂ ಬ್ಲೇಡಿನ ಜೊತೆ ಗಿರಗಿರ ತಿರುಗಿಸುತ್ತದೆ!

ಬ್ಲೇಡಿನ ತುದಿ ಸೆಕೆಂಡಿಗೆ 50 ಮೀಟರ್ ಓಡುತ್ತದೆ, ಗಂಟೆಗೆ 180 ಕಿಲೋಮೀಟರ್. ಆ ವೇಗದಲ್ಲೂ ಬ್ಲೇಡಿಗೆ ಅಂಟಿದ ಗಾಳಿಯ ಪದರ ಬ್ಲೇಡಿನ ಜೊತೆಗೇ ಹೋಗುತ್ತದೆ, ಜಾರುವುದಿಲ್ಲ. 1904ರಲ್ಲಿ ಲುಡ್ವಿಗ್ ಪ್ರಾಂಡ್ಟ್ಲ್ ಜಗತ್ತಿಗೆ ತೋರಿಸಿದ ತೆಳು ಪದರ ಇದು. ಅದನ್ನು ಪೂರ್ತಿ ಹಿಡಿಯಬೇಕೆಂದರೆ ಲೋಹಕ್ಕೆ ತಾಗಿದ ಮೊದಲ ಕೋಶ ಎಷ್ಟು ದಪ್ಪ ಇರಬೇಕು ಗೊತ್ತೆ? ನಾನು ಹಾಕಿದ ಲೆಕ್ಕಕ್ಕೆ ಸುಮಾರು 7 ಮೈಕ್ರಾನ್ ಬಂತು. ಅಂದರೆ ತಲೆಗೂದಲಿನ ದಪ್ಪದ ಹತ್ತರಲ್ಲೊಂದು ಪಾಲು! ಒಂದು ಮೀಟರಿನ ಯಂತ್ರದ ಹಣೆಬರಹ ಕೂದಲಿಗಿಂತ ತೆಳುವಾದ ಗಾಳಿಯಲ್ಲಿ ಬರೆದಿದೆ. ಅಷ್ಟು ಸೂಕ್ಷ್ಮಕ್ಕೆ ಯಂತ್ರ ಸಾಲದಿದ್ದಾಗ ಗೋಡೆಯ ಬಳಿಯ ವೇಗಕ್ಕೆ ಸಿದ್ಧ ಸೂತ್ರ ಬಳಸಿ, ಮೊದಲ ಕೋಶವನ್ನು ಮಿಲಿಮೀಟರಿನ ಐದರಲ್ಲೊಂದು ಪಾಲಿಗೆ ಹಿಗ್ಗಿಸುತ್ತಾರೆ. ಸುಳಿಯೊಳಗಿನ ಸುಳಿಗಳನ್ನು ಒಂದೊಂದಾಗಿ ಎಣಿಸಲಾಗದು, ಅವುಗಳ ಒಟ್ಟು ಪ್ರಭಾವವನ್ನು ಅಂದಾಜಿಸುವ ಮಾದರಿ ಬೇಕು. ಬ್ಲೇಡುಗಳಿಗೆ ಬಹುಜನ ನೆಚ್ಚುವುದು ಫ್ಲೋರಿಯನ್ ಮೆಂಟರ್ ಅದೇ 1994ರಲ್ಲಿ ಪ್ರಕಟಿಸಿದ ಎಸ್‌ಎಸ್‌ಟಿ ಮಾದರಿಯನ್ನು.

ಬ್ಲೇಡಿನ ತುದಿಗೂ ಡಕ್ಟಿಗೂ ನಡುವಿನ ಸಂದಿ ಎರಡು ಮೂರು ಮಿಲಿಮೀಟರ್. ಯಾರೂ ಲೆಕ್ಕಕ್ಕಿಡದ ಜಾಗ. ಆದರೆ ಬ್ಲೇಡಿನ ಒತ್ತುವ ಮುಖದಿಂದ ಸೆಳೆಯುವ ಮುಖಕ್ಕೆ ಗಾಳಿ ಕಳ್ಳತನದಿಂದ ನುಗ್ಗುವುದು ಇಲ್ಲೇ. ನುಗ್ಗಿದ ಗಾಳಿ ಹಗ್ಗದಂತೆ ಹೊಸೆದುಕೊಂಡು ಪಕ್ಕದ ಬ್ಲೇಡಿನತ್ತ ಚಾಚುತ್ತದೆ. ಸಂದಿಯಲ್ಲಿ ಒಂದೇ ಸಾಲು ಕೋಶ ಇಟ್ಟರೆ ಆ ಹಗ್ಗ ಕಾಣುವುದೇ ಇಲ್ಲ. ಸಾಲು ಹೆಚ್ಚಿಸುತ್ತ ಹೋದ ಹಾಗೆ ಕತ್ತಲೆಯಿಂದ ಎದ್ದು ಬಂದಂತೆ ಮೂಡುತ್ತದೆ.

ಹೊರದಾರಿಯ ಡಕ್ಟನ್ನು ಉದ್ದ ಬಿಡಬೇಕು, ಬಹಳ ಉದ್ದ. ಕಾರಣ ಚೆಂದವಾಗಿದೆ. ಸುಳಿಯುವ ಗಾಳಿ ಹೊರಕ್ಕೆ ಒತ್ತುವುದರಿಂದ ಗೋಡೆಯ ಬಳಿ ಒತ್ತಡ ಹೆಚ್ಚು, ನಡುವಿನಲ್ಲಿ ಕಡಿಮೆ. ಡಕ್ಟನ್ನು ಬೇಗ ಕತ್ತರಿಸಿ, ಆ ಬಾಯಿಗೆಲ್ಲ ಒಂದೇ ಒತ್ತಡ ಎಂದು ಬರೆದರೆ ನಡುವಿನಲ್ಲಿ ಹೊರಗಿನ ಗಾಳಿ ವಾಪಸು ನುಗ್ಗುತ್ತದೆ, ಲೆಕ್ಕ ಚೆಲ್ಲಾಪಿಲ್ಲಿಯಾಗುತ್ತದೆ. ನನ್ನ ಮಾದರಿಯಲ್ಲಿ ಸೆಕೆಂಡಿಗೆ 10 ಘನಮೀಟರ್ ಗಾಳಿ, 250 ಪಾಸ್ಕಲ್ ಒತ್ತಡ. ಮುಂದಕ್ಕೆ ಓಡುವ ವೇಗ ಸೆಕೆಂಡಿಗೆ 15 ಮೀಟರ್ ಆದರೆ ಸುತ್ತುವ ವೇಗವೇ ಸುಮಾರು 8 ಮೀಟರ್. ಆ ಸುತ್ತಾಟಕ್ಕೆ ಹೋದ ವಿದ್ಯುತ್ ಚಿಮಣಿಗೂ ಇಲ್ಲ, ಬಾಯ್ಲರಿಗೂ ಇಲ್ಲ; ಉಜ್ಜಾಟದಲ್ಲಿ ಬಿಸಿಯಾಗಿ ಕರಗಿ ಹೋಗುತ್ತದೆ. ಫ್ಯಾನಿನ ಹಿಂದೆ ಬಾಗಿದ ತಗಡುಗಳನ್ನು ನಿಲ್ಲಿಸಿ ಗಾಳಿಯನ್ನು ನೇರ ಮಾಡುವುದು ಇದಕ್ಕೇ.

ಹಾಗೆ ನಿಂತ ತಗಡು ಬಂದ ಕೂಡಲೇ ನಿಂತ ಫ್ಯಾನಿನ ಉಪಾಯಕ್ಕೆ ಇಕ್ಕಟ್ಟು. ಬ್ಲೇಡು ತಗಡಿನ ಎದುರಿಗೆ ನಿಂತಾಗ ಒಂದು ಉತ್ತರ, ಎರಡು ತಗಡಿನ ನಡುವೆ ನಿಂತಾಗ ಇನ್ನೊಂದು. ಫ್ಯಾನಿನ ಹತ್ತಿರವೇ ಡಕ್ಟು ಮೊಣಕೈಯಂತೆ ತಿರುಗಿದ್ದರೂ ಇದೇ ಕಥೆ. ಆಗ ಬೇರೆ ದಾರಿಯಿಲ್ಲ, ಫ್ಯಾನನ್ನು ನಿಜವಾಗಿಯೂ ತಿರುಗಿಸಬೇಕು. ಒಳಗಿನ ಸಿಲಿಂಡರಿನ ಮೆಶ್ ಇಡಿಯಾಗಿ ಸುತ್ತುತ್ತದೆ, ಹೊರಗಿನದು ನಿಂತಿರುತ್ತದೆ, ಗಡಿಯಲ್ಲಿ ಒಂದರ ಮೇಲೊಂದು ಜಾರುತ್ತವೆ. ಒಂದು ಸಲಕ್ಕೆ ಒಂದು ಡಿಗ್ರಿ ತಿರುಗಿಸಿದರೆ ಒಂದು ಸುತ್ತಿಗೆ 360 ಹೆಜ್ಜೆ. ನಿಜವಾದ ಫ್ಯಾನ್ ಆ ಒಂದು ಸುತ್ತನ್ನು ಸೆಕೆಂಡಿನ ಹದಿನಾರರಲ್ಲೊಂದು ಪಾಲಿನಲ್ಲಿ ಮುಗಿಸಿರುತ್ತದೆ. ಕಣ್ಣೆವೆ ಬಡಿಯುವಷ್ಟರ ಘಟನೆಗೆ ಲ್ಯಾಪ್‌ಟಾಪು ರಾತ್ರಿಯಿಡೀ ದುಡಿಯುತ್ತದೆ! ನನ್ನ ಅಭಿಪ್ರಾಯ ಕೇಳಿದರೆ, ಮೊದಲು ನಿಂತ ಫ್ಯಾನಿನಿಂದ ಹರಿವನ್ನು ಪಳಗಿಸಿ, ಆ ಉತ್ತರದಿಂದಲೇ ತಿರುಗುವ ಲೆಕ್ಕ ಶುರುಮಾಡುವುದೇ ಜಾಣತನ.

ಈ ಉಪಾಯ ಸಕ್ಕರೆ ಕಾರ್ಖಾನೆಗಷ್ಟೇ ಸೀಮಿತವಲ್ಲ. ಕಾವೇರಿ ಎಂಬ ಹೆಸರಿನ ಜೆಟ್ ಎಂಜಿನ್ ಗೊತ್ತಲ್ಲ? ಬೆಂಗಳೂರಿನ ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ ಜಿಟಿಆರ್‌ಇ 1989ರಿಂದ ಕಟ್ಟುತ್ತ ಬಂದದ್ದು.  ಅದರ ಮುಂಭಾಗದಲ್ಲಿರುವುದೂ ಡಕ್ಟಿನೊಳಗಿನ ಮೂರು ಹಂತದ ಫ್ಯಾನೇ. ಅಲ್ಲಿ ಬ್ಲೇಡಿನ ತುದಿಗಳಲ್ಲಿ ಗಾಳಿ ಶಬ್ದದ ವೇಗವನ್ನು ದಾಟುತ್ತದೆ, ಹಿಗ್ಗುತ್ತದೆ, ಕುಗ್ಗುತ್ತದೆ, ಆಘಾತದ ಅಲೆಗಳು ಏಳುತ್ತವೆ. ಆದರೆ ತಿರುಗುವ ವಲಯ, ನಿಂತ ವಲಯ, ನಡುವಿನ ಗಡಿ, ಈ ಮೂರರ ಗಣಿತ ನಮ್ಮ ಡಕ್ಟಿನದ್ದೇ. ದೂಧಗಂಗೆಯಿಂದ ನೀರೆತ್ತುವ ಪಂಪಿನದ್ದೂ ಅದೇ.

ಈಗ ಮತ್ತೆ ಐಡಿ ಫ್ಯಾನಿಗೆ ಬರುತ್ತೇನೆ. ಬಾಯ್ಲರ್ ಮನೆಯಲ್ಲಿ ಆಯುಷ್ಯ ಸವೆಸಿದ ಹಿರಿಯರೊಬ್ಬರನ್ನು ನಾನು ಕೇಳಿದ್ದೆ: “ಕಾಕಾ, ಫ್ಯಾನ್ ಚಾಲೂ ಮಾಡೂ ಮುಂದ ಡ್ಯಾಂಪರ್ ಯಾಕ ಮುಚ್ಚತೀರಿ?” ಅವರು ನಕ್ಕು ಹೇಳಿದ್ದು: “ಥಂಡಿ ಗಾಳಿ ವಜ್ಜಿ ಇರತೈತಪ್ಪಾ, ಮೋಟರ್ ತಡಿಯೂದಿಲ್ಲ.” ಡ್ಯಾಂಪರ್ ಎಂದರೆ ಡಕ್ಟಿನೊಳಗೆ ಗಾಳಿಯ ದಾರಿಯನ್ನು ಮುಚ್ಚಿ ತೆರೆಯುವ ಬಾಗಿಲು. ಲೆಕ್ಕ ಹಾಕಿ ನೋಡಿದೆ. ಬೆಳಗಿನ ತಂಪಿನಲ್ಲಿ ಗಾಳಿ ಘನಮೀಟರಿಗೆ 1.2 ಕಿಲೋ; 150 ಡಿಗ್ರಿಗೆ ಕಾದರೆ ಸುಮಾರು 0.83. ಬಿಸಿಗಾಳಿಗೆಂದು ಆರಿಸಿದ ಫ್ಯಾನಿಗೆ ತಣ್ಣನೆಯ ಗಾಳಿ ಅದೇ ವೇಗದಲ್ಲಿ ಹೆಚ್ಚುಕಡಿಮೆ ಒಂದೂವರೆ ಪಟ್ಟು ಹೊರೆ! ಸಾಂದ್ರತೆಯ ಈ ಒಂದು ಅಂಕಿಯನ್ನು ತಪ್ಪಾಗಿ ಕೊಟ್ಟರೆ ಕಂಪ್ಯೂಟರಿನ ಉತ್ತರವೂ ಅಷ್ಟೇ ತಪ್ಪಿರುತ್ತದೆ. ವೇಗದ ಕಥೆ ಇನ್ನೂ ವಿಚಿತ್ರ. ಗಾಳಿಯ ಪ್ರಮಾಣ ಸುತ್ತಿನ ವೇಗದಷ್ಟೇ ಇಳಿದರೆ ವಿದ್ಯುತ್ ಅದರ ಘನದಷ್ಟು ಇಳಿಯುತ್ತದೆ. ವೇಗವನ್ನು ಐದರಲ್ಲಿ ಒಂದು ಪಾಲು ತಗ್ಗಿಸಿದರೆ ಕರೆಂಟು ಸರಿಸುಮಾರು ಅರ್ಧಕ್ಕೆ ಬೀಳುತ್ತದೆ. ಡ್ಯಾಂಪರ್ ಮುಚ್ಚಿ ಗಾಳಿಯನ್ನು ಉಸಿರುಗಟ್ಟಿಸುವುದಕ್ಕಿಂತ ಮೋಟರಿನ ವೇಗವನ್ನೇ ಬದಲಿಸುವ ಡ್ರೈವ್ ಹಾಕುವುದು ಈ ಲೆಕ್ಕದಿಂದಲೇ.

ಕೊನೆಗೆ ಬೂದಿ. ಬಗ್ಯಾಸಿನ ಬೂದಿಯಲ್ಲಿ ಹೊಲದ ಮಣ್ಣಿನ ಮರಳಿನ ಕಣಗಳೂ ಇರುತ್ತವೆ. ಅವು ಉಕ್ಕನ್ನು ತಿನ್ನುತ್ತವೆ. ಎಲ್ಲಿ ತಿನ್ನುತ್ತವೆ ಎಂದು ತಿಳಿಯಲು ಹರಿವು ಸಿದ್ಧವಾದ ಮೇಲೆ ಅದರೊಳಗೆ ಕಣಗಳನ್ನು ಬಿಟ್ಟು ಅವುಗಳ ಜಾಡು ಹಿಡಿಯಬೇಕು. ಐಡಿ ಫ್ಯಾನಿನೊಳಗೆ ಅನಿಲ ನಡುವಿನಿಂದ ನೇರ ಬಂದು, ಥಟ್ಟನೆ ಹೊರಕ್ಕೆ ತಿರುಗುತ್ತದೆ. ಹಗುರ ಅನಿಲ ತಿರುಗಿಕೊಳ್ಳುತ್ತದೆ. ಭಾರದ ಕಣ ತಿರುಗಲಾಗದೆ ಬ್ಲೇಡುಗಳನ್ನು ಹೊತ್ತ ಬೆನ್ನಿನ ತಟ್ಟೆಗೆ ಹೋಗಿ ಬಡಿಯುತ್ತದೆ. ಅಲ್ಲಿಂದ ಹೊರಕ್ಕೆ ಜಾರುವಾಗ ಅದು ಫ್ಯಾನಿನ ಸುತ್ತಿಗೆ ಹಿಂದುಳಿಯುತ್ತ, ಹಿಂದಿನಿಂದ ಬರುವ ಬ್ಲೇಡಿನ ಒತ್ತುವ ಮುಖಕ್ಕೆ ತಾಗುತ್ತದೆ. ಅಂಗಳದಲ್ಲಿ ನಿಂತವರ ಲೆಕ್ಕದಲ್ಲಿ ಆ ಕಣವನ್ನು ಪಕ್ಕಕ್ಕೆ ತಳ್ಳಿದವರು ಯಾರೂ ಇಲ್ಲ. ತೊಲೆಯ ಮೇಲಿನ ಹುಡುಗನ ಲೆಕ್ಕದಲ್ಲಿ ತಳ್ಳಿದ್ದು ಕೊರಿಯೋಲಿಸ್. ಫ್ಯಾನನ್ನು ನಿಲ್ಲಿಸಲೆಂದು ನಾವೇ ಕಾಗದದ ಮೇಲೆ ಬರೆದುಕೊಂಡ ಬಲ ಅದು, ಮತ್ತು ಅದು ಬೆರಳಿಟ್ಟು ತೋರಿಸುವ ಜಾಗ ಬೆನ್ನಿನ ತಟ್ಟೆಯೂ ಬ್ಲೇಡೂ ಕೂಡುವ ಮೂಲೆ. ಹಂಗಾಮು ಶುರುವಾಗುವ ಮೊದಲು ಬಾಯ್ಲರ್ ಮನೆಯ ವೆಲ್ಡರುಗಳು ಗಟ್ಟಿ ಲೋಹದ ಪದರ ಕೂಡಿಸುವುದು ಸರಿಯಾಗಿ ಅದೇ ಮೂಲೆಗೆ.